ಉಗ್ಗು ತಗ್ಗಿಸಲು ಯಾವ ದಾರಿ? ಕೊಡಗಿನವರಿಗೆ ಒಂದು ಹೋಲಿಕೆ

ಮಗು ಉಗ್ಗುತ್ತದೆ ಎಂದು ಗೊತ್ತಾದರೆ ಸಾಕು, ಸಲಹೆಗಳಿಗೆ ಬರವಿಲ್ಲ. ಅಜ್ಜಿ ಬಜೆ ತೇಯಲು ಕೂರುತ್ತಾರೆ. ನೆಂಟರೊಬ್ಬರು ನಾಲಿಗೆಯಡಿಯ ಪಟ್ಟಿ ಕೊಯ್ಸಿ ಎನ್ನುತ್ತಾರೆ, ಇನ್ನೊಬ್ಬರು ದೊಡ್ಡವನಾದ ಮೇಲೆ ತಾನೇ ಹೋಗುತ್ತದೆ ಎನ್ನುತ್ತಾರೆ. ಫೋನ್ ತೆರೆದರೆ ‘21 ದಿನದಲ್ಲಿ ಉಗ್ಗು ಮಾಯ’ ಎಂಬ ಜಾಹೀರಾತು. ಇವುಗಳ ನಡುವೆ ಆರಿಸಲು ಮೊದಲು ನೋಡಬೇಕಾದದ್ದು ವಯಸ್ಸು. ಆಮೇಲೆ, ದಿನಕ್ಕೆ ಕಾಲು ಗಂಟೆ ಜೊತೆಗೆ ಕೂರಲು ಮನೆಯಲ್ಲಿ ಯಾರಿದ್ದಾರೆ ಎಂಬುದು. ಚಿಕಿತ್ಸೆಯ ದೊಡ್ಡ ಸಂಸ್ಥೆಯಿರುವ ಮೈಸೂರು ಎಷ್ಟು ದೂರ ಎಂಬುದು ಮೂರನೆಯ ಮಾತು. ಹೆಚ್ಚಿನ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುವುದೇ ಆ ಮೂರನೆಯದರಿಂದ, ಅಲ್ಲೇ ಮುಗಿದೂ ಹೋಗುತ್ತದೆ.

ಬಿಡಬೇಕಾದವನ್ನು ಮೊದಲು ಬಿಟ್ಟುಬಿಡೋಣ. ಉಗ್ಗು ನಾಲಿಗೆಯ ತೊಂದರೆಯಲ್ಲ. ಉಸಿರು, ಗಂಟಲು, ನಾಲಿಗೆ, ತುಟಿ ಇವನ್ನೆಲ್ಲ ಮಿದುಳು ಹೊತ್ತಿಗೆ ಸರಿಯಾಗಿ ಹೊಂದಿಸುವುದರಲ್ಲಿ ಆಗುವ ಏರುಪೇರು ಅದು, ರಕ್ತಸಂಬಂಧದಲ್ಲಿ ಹರಿದು ಬರುವುದೂ ಉಂಟು. ಹೆದರಿದ್ದರಿಂದ, ಇನ್ನೊಬ್ಬರನ್ನು ಅಣಕಿಸಿದ್ದರಿಂದ ಅದು ಹುಟ್ಟುವುದಿಲ್ಲ. ನಾಲಿಗೆಯಡಿಯ ಪಟ್ಟಿ ಗಿಡ್ಡವಾಗಿದ್ದರೆ ಕೆಲವು ಅಕ್ಷರಗಳ ಉಚ್ಚಾರ ಕೆಡಬಹುದು, ಉಗ್ಗಿಗೂ ಅದಕ್ಕೂ ಸಂಬಂಧವಿಲ್ಲ. ಬಜೆಯ ಬಗ್ಗೆ ನಿಷ್ಠುರವಾಗಿಯೇ ಹೇಳಬೇಕು: ಅದರಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ, ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರಕ್ಕೆ ಬೆರೆಸದಂತೆ ನಿಷೇಧಿಸಿದರು, ಹೆಚ್ಚು ನೆಕ್ಕಿಸಿದರೆ ಮಗು ವಾಂತಿ ಮಾಡಿಕೊಳ್ಳುತ್ತದೆ. ಬಾಯಲ್ಲಿ ಬೆಣಚುಕಲ್ಲು ಇಟ್ಟು ಓದಿಸುವುದು ಉಸಿರುಗಟ್ಟಿಸುವ ಕೆಲಸ. ಎಡಗೈ ಮಗುವನ್ನು ಬಲಗೈಗೆ ತಿರುಗಿಸುವುದರಿಂದ ಮಾತಿಗೆ ಏನೂ ಲಾಭವಿಲ್ಲ.

ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಬಸ್ಸಿನಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದಾದಾಗ ‘ಭಾಷೆ ಜಾಸ್ತಿಯಾಯಿತು, ಒಂದನ್ನು ಬಿಡಿಸಿ’ ಎನ್ನುವವರಿದ್ದಾರೆ. ಬಿಡಿಸಬೇಡಿ. ಹಲವು ಭಾಷೆ ಉಗ್ಗಿಗೆ ಕಾರಣವಲ್ಲ. ಮನೆಮಾತು ನಿಲ್ಲಿಸಿದರೆ ಮಗು ಅಜ್ಜಿಯ ಜೊತೆ ಮಾತಾಡುವುದು ನಿಲ್ಲುತ್ತದೆ, ಉಗ್ಗು ಇದ್ದಲ್ಲೇ ಇರುತ್ತದೆ.

ಆರು ವರ್ಷದೊಳಗಿನ ಮಗುವಿಗೆ

ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಸುಮಾರು ಇಪ್ಪತ್ತು ಮಕ್ಕಳಲ್ಲಿ ಒಂದು ಯಾವುದಾದರೂ ಹಂತದಲ್ಲಿ ಉಗ್ಗುತ್ತದೆ. ಅವರಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ಅದು ತಾನಾಗಿಯೇ ಬಿಟ್ಟುಹೋಗುತ್ತದೆ. ಹಾಗಾಗಿ ‘ಕಾಯೋಣ’ ಎಂಬ ಮಾತು ಸುಳ್ಳಲ್ಲ. ಎಷ್ಟು ದಿನ, ಯಾರಿಗೆ ಎಂಬುದರಲ್ಲಿ ಜನ ಎಡವುತ್ತಾರೆ.

ಶುರುವಾಗಿ ಆರು ತಿಂಗಳು ದಾಟಿಲ್ಲ, ಮಗುವಿಗೆ ಅದರ ಪರಿವೆಯೇ ಇಲ್ಲ, ‘ಅಮ್ಮ ಅಮ್ಮ ಅಮ್ಮ ನೀರು’ ಎಂಬಂತೆ ಇಡೀ ಪದವನ್ನು ಆಯಾಸವಿಲ್ಲದೆ ಮತ್ತೆ ಮತ್ತೆ ಹೇಳುತ್ತದೆ ಎಂದಾದರೆ ಕಾಯಬಹುದು. ಬಾಯಿ ತೆರೆದೂ ಸದ್ದು ಹೊರಡದೆ ನಿಲ್ಲುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಗಲ್ಲ ಮುಂದಕ್ಕೆ ತಳ್ಳುವುದು, ಕಾಲು ನೆಲಕ್ಕೆ ಕುಟ್ಟುವುದು, ‘ನಂಗೆ ಹೇಳೋಕೆ ಬರಲ್ಲ’ ಎಂದು ಬಿಟ್ಟುಬಿಡುವುದು ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಮನೆಯಲ್ಲಿ ದೊಡ್ಡವರಾದ ಮೇಲೂ ಉಗ್ಗುವವರಿದ್ದರೆ, ಮೂರೂವರೆ ವರ್ಷದ ನಂತರ ಶುರುವಾಗಿದ್ದರೆ, ಗಂಡುಮಗುವಾದರೆ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು. ದೊಡ್ಡವರಲ್ಲಿ ಉಗ್ಗುವ ಗಂಡಸರು ನಾಲ್ವರಿದ್ದರೆ ಹೆಂಗಸರು ಒಬ್ಬರು.

ಕಾಯುವಾಗ ಸುಮ್ಮನೆ ಕೂರಬೇಡಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಕ್ಕೊಂದು ಅಂಕಿ ಬರೆಯಿರಿ: ಉಗ್ಗೇ ಇಲ್ಲದಿದ್ದರೆ 0, ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎನ್ನುವಷ್ಟಿದ್ದರೆ 9. ಉಗ್ಗು ಅಲೆಯಂತೆ ಏರಿಳಿಯುತ್ತದೆ. ಪುತ್ತರಿಗೆ ಮನೆ ತುಂಬ ಜನ ಸೇರಿ ಮಗು ಕುಣಿದಾಡಿದ ವಾರ 6 ಇದ್ದದ್ದು ಮುಂದಿನ ವಾರ 2ಕ್ಕೆ ಇಳಿದರೆ ಗುಣವಾಯಿತು ಎಂದು ಬೀಗುವುದೂ ಬೇಡ, ಮತ್ತೆ ಏರಿದರೆ ಎದೆಗುಂದುವುದೂ ಬೇಡ. ಎರಡು ತಿಂಗಳ ಅಂಕಿಗಳನ್ನು ಒಟ್ಟಿಗೆ ನೋಡಿದರೆ ದಿಕ್ಕು ತಿಳಿಯುತ್ತದೆ.

ಚಿಕಿತ್ಸೆ ಬೇಕು ಎಂದಾದರೆ ಎದುರಿಗಿರುವುದು ಮುಖ್ಯವಾಗಿ ಎರಡು ದಾರಿ.

ಒಂದು ಲಿಡ್‌ಕೂಂಬ್ ಪದ್ಧತಿ. ಸಿಡ್ನಿಯಲ್ಲಿ ಹುಟ್ಟಿದ್ದು. ಇಲ್ಲಿ ಚಿಕಿತ್ಸೆ ಕೊಡುವವರು ತಂದೆ ತಾಯಿ, ಥೆರಪಿಸ್ಟ್ (ಮಾತಿನ ಚಿಕಿತ್ಸಕರು) ವಾರಕ್ಕೊಮ್ಮೆ ಅವರನ್ನು ತಿದ್ದುತ್ತಾರೆ. ದಿನವೂ 10ರಿಂದ 15 ನಿಮಿಷ ಚಿತ್ರಪುಸ್ತಕವನ್ನೋ ಆಟದ ಸಾಮಾನನ್ನೋ ಇಟ್ಟುಕೊಂಡು, ಮಗುವಿನ ಮಾತು ಬಹುಪಾಲು ಸಲೀಸಾಗಿ ಬರುವಂತೆ ಚಿಕ್ಕ ಚಿಕ್ಕ ಉತ್ತರ ಬೇಡುವ ಪ್ರಶ್ನೆ ಕೇಳಬೇಕು. ಸಲೀಸಾಗಿ ಬಂದಾಗ ‘ಎಷ್ಟು ನಯವಾಗಿ ಬಂತು!’ ಎನ್ನಬೇಕು. ಉಗ್ಗಿದಾಗ, ಅದೂ ಅಪರೂಪಕ್ಕೊಮ್ಮೆ, ಬೈಗುಳದ ಧಾಟಿ ಇಲ್ಲದೆ ‘ಅಲ್ಲಿ ಸ್ವಲ್ಪ ತಡೀತು, ಇನ್ನೊಂದ್ಸಲ ಹೇಳ್ತೀಯಾ ಪುಟ್ಟ?’ ಎನ್ನಬೇಕು. ಐದು ಮೆಚ್ಚುಗೆಗೆ ಒಂದು ತಿದ್ದುಪಡಿ, ಅದಕ್ಕಿಂತ ಹೆಚ್ಚಾಗಬಾರದು. ಕೈಕೊಡುವುದು ಇಲ್ಲೇ. ಮನೆಯವರು ತಿದ್ದುವುದನ್ನಷ್ಟೇ ಕಲಿತು ಮೆಚ್ಚುವುದನ್ನು ಮರೆಯುತ್ತಾರೆ, ವಾರದೊಳಗೆ ಮಗು ಪುಸ್ತಕ ಕಂಡರೆ ಓಡುತ್ತದೆ. ಥೆರಪಿಸ್ಟ್ ಇಲ್ಲದೆ ಕೇವಲ ವಿಡಿಯೊ ನೋಡಿ ಇದನ್ನು ಮಾಡಬೇಡಿ ಎನ್ನುವುದು ಅದಕ್ಕೇ. ಉಗ್ಗು ಬಹುತೇಕ ನಿಂತ ಮೇಲೂ ಸುಮಾರು ಒಂದು ವರ್ಷ ಭೇಟಿಗಳನ್ನು ವಿರಳಗೊಳಿಸುತ್ತಾ ಮುಂದುವರಿಸಬೇಕು. ಆ ಎರಡನೇ ಹಂತ ಬಿಟ್ಟವರಲ್ಲಿ ಉಗ್ಗು ಮರಳುವುದು ಹೆಚ್ಚು.

ಇನ್ನೊಂದು, ಮಗುವಿನ ಮಾತನ್ನು ಮುಟ್ಟದೆ ಸುತ್ತಲಿನ ಮಾತುಕತೆಯನ್ನು ಬದಲಿಸುವ ಪದ್ಧತಿ. ಲಂಡನ್ನಿನಲ್ಲಿ ರೂಪುಗೊಂಡ ಪೇಲಿನ್ ಕ್ರಮ ಈ ಬಗೆಯದು. ವಾರಕ್ಕೆ ಮೂರರಿಂದ ಐದು ಸಲ, ತಲಾ ಐದೇ ನಿಮಿಷ, ಮಗು ಆರಿಸಿದ ಆಟ. ಟಿವಿ ಇಲ್ಲ, ಫೋನ್ ಇಲ್ಲ, ಅಣ್ಣತಮ್ಮಂದಿರೂ ಇಲ್ಲ. ಮಗುವಿಗೆ ‘ನಿಧಾನ ಮಾತಾಡು’ ಎನ್ನುವ ಬದಲು ನೀವೇ ನಿಧಾನಿಸಬೇಕು. ಅದು ಮಾತು ಮುಗಿಸಿದ ಮೇಲೆ ಒಂದು ಉಸಿರಿನಷ್ಟು ಬಿಟ್ಟು ಉತ್ತರಿಸಬೇಕು, ಪ್ರಶ್ನೆಗಳ ಸುರಿಮಳೆ ನಿಲ್ಲಿಸಬೇಕು.

ಯಾವುದು ಮೇಲು? ನ್ಯೂಜಿಲೆಂಡಿನಲ್ಲಿ 54 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಬತ್ತು ತಿಂಗಳ ನಂತರ ಲಿಡ್‌ಕೂಂಬ್ ಪಡೆದವರ ಉಗ್ಗು ನೂರು ಅಕ್ಷರಕ್ಕೆ 1.5ಕ್ಕೆ ಇಳಿದಿತ್ತು, ಪಡೆಯದವರಲ್ಲಿ 3.9 ಇತ್ತು. ಹಾಗಾದರೆ ಅದೇ ಗೆದ್ದಿತು ಎನ್ನುವಂತಿಲ್ಲ. ಅದನ್ನು ಮಾತುಕತೆಯ ವಾತಾವರಣ ಬದಲಿಸುವ ಇನ್ನೊಂದು ಕ್ರಮದ ಎದುರು ನೆದರ್ಲೆಂಡ್ಸ್‌ನಲ್ಲಿ 199 ಮಕ್ಕಳ ಮೇಲೆ ಹೋಲಿಸಿ ನೋಡಿದ್ದಾರೆ. ಫಲಿತಾಂಶ 2015ರಲ್ಲಿ ಬಂತು: ಹದಿನೆಂಟು ತಿಂಗಳ ನಂತರ ಉಗ್ಗು ಬಿಟ್ಟವರು ಲಿಡ್‌ಕೂಂಬ್‌ನಲ್ಲಿ ಶೇ. 76.5, ಇನ್ನೊಂದರಲ್ಲಿ ಶೇ. 71.4. ಹೇಳಿಕೊಳ್ಳುವಂಥ ಅಂತರವೇ ಇಲ್ಲ. ಆದ್ದರಿಂದ ನಿಮ್ಮ ಮನೆಗೆ ಹೊಂದುವುದನ್ನು ಆರಿಸಿ. ದಿನವೂ ಕೂರಬಲ್ಲ, ಅಂಕಿ ಬರೆಯಬಲ್ಲ, ತಾಳ್ಮೆ ಕೆಡದ ಒಬ್ಬರಿದ್ದರೆ ಲಿಡ್‌ಕೂಂಬ್. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕುಯಿಲಿನಲ್ಲಿ ಇಬ್ಬರೂ ತೋಟದಲ್ಲೇ ಇರುವ ಮನೆಯಾದರೆ, ಮಗು ಸೂಕ್ಷ್ಮ ಸ್ವಭಾವದ್ದಾದರೆ ಎರಡನೆಯದು ಉಳಿಯುತ್ತದೆ, ಮೊದಲನೆಯದು ಮೂರನೇ ವಾರಕ್ಕೆ ನಿಂತುಹೋಗುತ್ತದೆ.

ಶಾಲೆಯ ವಯಸ್ಸು

ಏಳು ದಾಟಿದ ಮೇಲೆ ತಾನಾಗಿ ಹೋಗುವ ಸಾಧ್ಯತೆ ಕಡಿಮೆಯಾಗುತ್ತಾ ಬರುತ್ತದೆ, ಅಣಕಿಸುವವರು ಹೆಚ್ಚುತ್ತಾರೆ. ಈ ವಯಸ್ಸಿಗೆ ಪ್ರತಿ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ತಾಳಕ್ಕೆ ಹೇಳುವ ಕ್ರಮವನ್ನು ಕಲಿಸುತ್ತಾರೆ: ‘ನಾ-ಳೆ-ಶಾ-ಲೆ-ಗೆ-ರ-ಜೆ’. ಬೇಗ ಹಿಡಿತಕ್ಕೆ ಸಿಗುತ್ತದೆ, ಆದರೆ ಮಕ್ಕಳು ಗೆಳೆಯರೆದುರು ಬಳಸಲು ನಾಚುತ್ತಾರೆ.

ಚಿಕಿತ್ಸೆಯಷ್ಟೇ ಕೆಲಸ ಮಾಡುವುದು ಮೇಷ್ಟ್ರ ಜೊತೆ ಹತ್ತು ನಿಮಿಷದ ಮಾತು. ಹಾಜರಿ ಕರೆದಾಗ ಕೈ ಎತ್ತಿದರೆ ಸಾಕು ಎಂದು ಒಪ್ಪಿಸಿ. ಸಾಲಿನಲ್ಲಿ ಒಬ್ಬೊಬ್ಬರಾಗಿ ಓದಿಸುತ್ತಾ ಬಂದರೆ ತನ್ನ ಸರದಿ ಬರುವಷ್ಟರಲ್ಲಿ ಮಗುವಿನ ಗಂಟಲು ಕಟ್ಟಿರುತ್ತದೆ, ಮೊದಲಿಗೇ ಕರೆಯಲಿ. ಇಬ್ಬರು ಒಟ್ಟಿಗೆ ಓದಿದರೆ ಬಹುತೇಕ ಮಕ್ಕಳು ಉಗ್ಗುವುದೇ ಇಲ್ಲ, ಪಾಠ ಓದಿಸಲು ಅದು ಒಳ್ಳೆಯ ಉಪಾಯ. ಪದವನ್ನು ಬಾಯಿಂದ ಕಸಿದು ಮುಗಿಸಿಕೊಡುವುದು ಮಾತ್ರ ಬೇಡ.

ದೊಡ್ಡವರಿಗೆ: ಸಲೀಸಾಗಿ ಮಾತಾಡುವುದೋ, ಸಲೀಸಾಗಿ ಉಗ್ಗುವುದೋ

ಸುಮಾರು ನೂರಕ್ಕೆ ಒಬ್ಬರಲ್ಲಿ ಉಗ್ಗು ಉಳಿದುಕೊಳ್ಳುತ್ತದೆ. ಅವರಿಗೆ ಪೂರ್ತಿ ಬಿಟ್ಟುಹೋಗುವ ಭರವಸೆ ಯಾರೂ ಕೊಡಲಾರರು, ಕೊಟ್ಟರೆ ಎದ್ದು ಬನ್ನಿ. ತಗ್ಗಿಸಲು ಖಂಡಿತ ಸಾಧ್ಯ, ಅದಕ್ಕೆ ಎರಡು ಶಾಲೆಗಳಿವೆ, ಅಂದರೆ ಎರಡು ಬಗೆಯ ಪದ್ಧತಿ.

ಮೊದಲನೆಯದು ಮಾತನಾಡುವ ರೀತಿಯನ್ನೇ ಹೊಸದಾಗಿ ಕಟ್ಟುವುದು. ಕಲಿಯಬೇಕಾದದ್ದು ಮೂರು. ಸ್ವರದಿಂದ ಶುರುವಾಗುವ ಪದಕ್ಕೆ ಮುಂಚೆ ಚೂರು ಉಸಿರು ಹೊರಬಿಟ್ಟು ಗಂಟಲನ್ನು ಮೆತ್ತಗೆ ತೆರೆಯುವುದು. ಪ, ಬ, ಮ ಬಂದಾಗ ತುಟಿಗಳನ್ನು, ತ, ಕ ಬಂದಾಗ ನಾಲಿಗೆಯನ್ನು ಒತ್ತದೆ ಸೋಕಿಸಿ ಬಿಡುವುದು. ಒಂದು ಉಸಿರಿನ ಮಾತಿನಲ್ಲಿ ಪದಗಳ ನಡುವೆ ಸದ್ದು ಕಡಿಯದಂತೆ ಎಳೆದು ಸೇರಿಸುವುದು. ಆರಂಭದಲ್ಲಿ ನಿಮಿಷಕ್ಕೆ 60 ಅಕ್ಷರದಷ್ಟು ನಿಧಾನ, ಅಂದರೆ ಸೆಕೆಂಡಿಗೆ ಒಂದು, ಕೇಳಲು ವಿಚಿತ್ರ. ಅದು ಸ್ಥಿರವಾದ ಮೇಲೆ ವೇಗ ಏರಿಸುತ್ತಾ ಸಹಜ ಮಾತಿಗೆ ಬರಬೇಕು.

ಕನ್ನಡದಲ್ಲಿ ಇದನ್ನು ಅಭ್ಯಾಸ ಮಾಡುವಾಗ ಎರಡು ಕಡೆ ಎಚ್ಚರ ಬೇಕು. ನಮ್ಮಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲು. ಸುಮ್ಮನೆ ಎಳೆದರೆ ‘ಬರಿ’ ಹೋಗಿ ‘ಬಾರಿ’ ಆಗುತ್ತದೆ, ‘ತಳಿ’ ಹೋಗಿ ‘ತಾಳಿ’. ಆದ್ದರಿಂದ ಹ್ರಸ್ವವನ್ನು ಎಳೆದಷ್ಟಕ್ಕೆ ತಕ್ಕಂತೆ ದೀರ್ಘವನ್ನು ಇನ್ನೂ ಎಳೆಯಬೇಕು, ಆಗ ಪದದ ಆಕಾರ ಉಳಿಯುತ್ತದೆ. ಎರಡನೆಯದು ಒತ್ತಕ್ಷರ. ‘ಪೊನ್ನಪ್ಪ’ ಎನ್ನುವಾಗ ಮೊದಲ ಪೊ ದಾಟಿದವರೂ ಪ್ಪದಲ್ಲಿ ತುಟಿ ಬಿಗಿದು ನಿಲ್ಲುತ್ತಾರೆ. ಅಲ್ಲಿ ತುಟಿ ಮುಚ್ಚಿರುವ ಹೊತ್ತು ಉದ್ದವಿರಲಿ, ಒತ್ತಡ ಇರಬಾರದು. ಕನ್ನಡಿ ಮುಂದೆ ನಿಂತು ಹೇಳಿ: ತುಟಿಯ ಅಂಚು ಬಿಳಿಚಿಕೊಂಡರೆ ಒತ್ತಿದ್ದೀರಿ ಎಂದರ್ಥ.

ಎರಡನೆಯ ಶಾಲೆ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಕಟ್ಟಿದ್ದು, ಅವರೇ ಉಗ್ಗುತ್ತಿದ್ದವರು. ಅದರ ಲೆಕ್ಕ ಬೇರೆ: ಉಗ್ಗು ಬರಲಿ, ಆದರೆ ಒದ್ದಾಟವಿಲ್ಲದೆ ಬರಲಿ. ಮೊದಲು ಎಲ್ಲಿ ಬಿಗಿಯುತ್ತದೆ, ಕಣ್ಣು ಎಲ್ಲಿಗೆ ಓಡುತ್ತದೆ, ಯಾವ ಪದ ಬಂದರೆ ಬೇರೆ ಪದಕ್ಕೆ ಜಾರುತ್ತೇನೆ ಎಂದು ಗುರುತಿಸಿಕೊಳ್ಳಬೇಕು. ಆಮೇಲೆ ಬೇಕೆಂದೇ ಉಗ್ಗಿ ಭಯ ಕಳೆದುಕೊಳ್ಳಬೇಕು. ಹೋಟೆಲಿನಲ್ಲಿ ನೆಟ್ಟಗೆ ಮುಖ ನೋಡಿ ‘ಕಾ-ಕಾ-ಕಾಫಿ ಕೊಡಿ’ ಎನ್ನುವುದು. ನಂತರವೇ ಕೈಚಳಕ, ಅದೂ ಹಿಂದಿನಿಂದ ಮುಂದಕ್ಕೆ. ಉಗ್ಗಿದ ಪದವನ್ನು ಮುಗಿಸಿ, ಮೂರು ಸೆಕೆಂಡ್ ನಿಂತು, ಅದನ್ನೇ ಸಡಿಲವಾಗಿ ಇನ್ನೊಮ್ಮೆ ಹೇಳುವುದು ಮೊದಲು. ಸಿಕ್ಕಿಕೊಂಡ ಪದದ ನಡುವೆಯೇ ಬಿಗಿ ಸಡಿಲಿಸಿ ಜಾರಿ ಹೊರಬರುವುದು ಆಮೇಲೆ. ಪದ ಬರುವ ಮುನ್ನವೇ ಸಿದ್ಧವಾಗುವುದು ಕೊನೆಗೆ. ಹೆಚ್ಚಿನವರು ಗುರುತಿಸುವ ಹಂತ ಬೇಸರವೆಂದು ಹಾರಿಸಿ ನೇರ ಕೈಚಳಕಕ್ಕೆ ಬರುತ್ತಾರೆ. ಆಗ ಆ ಮೂರು ಸೆಕೆಂಡಿನ ನಿಲುಗಡೆ ಉಗ್ಗನ್ನು ಅಳಿಸಿಹಾಕುವ ಇನ್ನೊಂದು ಮುಚ್ಚಾಟವಾಗುತ್ತದೆ, ಭಯ ಹೆಚ್ಚುತ್ತದೆ.

ಆರಿಸಲು ನಾವು ಸೂಚಿಸುವ ಪರೀಕ್ಷೆ ಇದು. ಐದು ನಿಮಿಷದ ಸಹಜ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅದರಲ್ಲಿ 300 ಅಕ್ಷರ ಎಣಿಸಿ ಎಷ್ಟರಲ್ಲಿ ಉಗ್ಗಿದ್ದೀರಿ ನೋಡಿ. ಅದೇ ವಾರ ಎಷ್ಟು ಸಲ ಪದ ಬದಲಿಸಿದಿರಿ, ಕರೆ ಎತ್ತಲಿಲ್ಲ, ತಮ್ಮನಿಂದ ಮಾತಾಡಿಸಿದಿರಿ ಎಂಬುದನ್ನೂ ಬರೆದಿಡಿ. ಉಗ್ಗು ಹೆಚ್ಚು, ತಪ್ಪಿಸಿಕೊಳ್ಳುವುದು ಕಡಿಮೆ ಎಂದಾದರೆ ಮೊದಲ ಶಾಲೆ. ರೆಕಾರ್ಡಿಂಗಿನಲ್ಲಿ ಉಗ್ಗೇ ಕಾಣದು, ತಪ್ಪಿಸಿಕೊಂಡದ್ದರ ಪಟ್ಟಿ ಮಾತ್ರ ಉದ್ದ ಎಂದಾದರೆ ಎರಡನೆಯದು. ಅಂಥವರಿಗೆ ಮೊದಲನೆಯದನ್ನು ಕಲಿಸಿದರೆ ಮುಚ್ಚಿಡಲು ಇನ್ನೊಂದು ಸಲಕರಣೆ ಕೊಟ್ಟಂತೆ. ಈಗ ಅನೇಕ ಥೆರಪಿಸ್ಟರು ಎರಡನ್ನೂ ಬೆರೆಸುತ್ತಾರೆ, ಅದು ಒಳ್ಳೆಯದೇ. ಜನರೆದುರು ಬಾಯಿ ತೆರೆಯಲೇ ನಡುಕ, ನಿದ್ದೆಗೇಡು ಇದ್ದರೆ ಮನಃಶಾಸ್ತ್ರಜ್ಞರ ನೆರವನ್ನೂ ಜೊತೆಗೆ ಪಡೆಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಎರಡರಲ್ಲೂ ಸೋಲು ಒಂದೇ ಕಡೆ: ಕೋಣೆಯೊಳಗೆ ಬರುವುದು ಪೇಟೆಯಲ್ಲಿ ಬರುವುದಿಲ್ಲ. ಮೆಟ್ಟಿಲು ಹಾಕಿಕೊಳ್ಳಿ. ಒಬ್ಬರೇ ಕೂತು ‘ಶಕ್ತಿ’ ಪತ್ರಿಕೆಯ ಒಂದು ಸುದ್ದಿ ಗಟ್ಟಿಯಾಗಿ ಓದುವುದು, ಮನೆಯವರಿಗೆ ಓದಿ ಹೇಳುವುದು, ಬಸ್ಸಿನಲ್ಲಿ ‘ಸುಂಟಿಕೊಪ್ಪ ಒಂದು’ ಎಂದು ಟಿಕೆಟ್ ಕೇಳುವುದು, ವ್ಯಾಪಾರಿಗೆ ಫೋನ್ ಮಾಡಿ ‘ಇವತ್ತು ರೊಬಸ್ಟಾ ಚೆರಿ ರೇಟ್ ಎಷ್ಟು?’ ಎನ್ನುವುದು. ಕೊಡವರಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಮದುವೆಮನೆ. ಹಿರಿಯರು ಕೇಳುವುದೇ ಮನೆತನದ ಹೆಸರು, ಅದರ ಬೆನ್ನಿಗೆ ನಿಮ್ಮ ಹೆಸರು. ಬೇರೆ ಪದಕ್ಕೆ ಜಾರಲು ಅಲ್ಲಿ ದಾರಿಯೇ ಇಲ್ಲ. ಒಂದು ಮೆಟ್ಟಿಲಲ್ಲಿ ಹತ್ತಕ್ಕೆ ಎಂಟು ಸಲ ಅಂದುಕೊಂಡಂತೆ ಬಂದ ಮೇಲೆ ಮುಂದಿನದಕ್ಕೆ ಹೋಗಿ.

ಸೇನೆಗೆ ಸೇರಬೇಕೆಂದಿರುವ ಹುಡುಗರಿಗೆ ಒಂದು ಮಾತು: ವೈದ್ಯಕೀಯ ತಪಾಸಣೆಯಲ್ಲಿ ಉಗ್ಗನ್ನೂ ಗಮನಿಸುತ್ತಾರೆ. ಅರ್ಜಿ ಹಾಕಿದ ಮೇಲೆ ಓಡಾಡುವ ಬದಲು ಒಂದು ವರ್ಷ ಮೊದಲೇ ಅಭ್ಯಾಸ ಶುರುಮಾಡಿ.

ಉಪಕರಣ, ಮಾತ್ರೆ, ಗುಂಪು

ತನ್ನ ದನಿಯನ್ನೇ ಚೂರು ತಡವಾಗಿ ಕಿವಿಗೆ ಕೇಳಿಸುವ ಉಪಕರಣ ಮತ್ತು ಆ್ಯಪ್‌ಗಳಿವೆ. 50ರಿಂದ 100 ಮಿಲಿಸೆಕೆಂಡ್ ತಡ ಇಟ್ಟರೆ ಕೆಲವರಿಗೆ ತಕ್ಷಣ ಸಲೀಸಾಗುತ್ತದೆ, ಕೆಲವರಿಗೆ ಏನೂ ಆಗದು. ಓದುವಾಗ ಸಿಗುವ ಲಾಭ ಮಾತುಕತೆಯಲ್ಲಿ ಸಿಗುವುದು ಕಡಿಮೆ. ದುಬಾರಿ ಉಪಕರಣಕ್ಕೆ ಹಣ ಸುರಿಯುವ ಮುನ್ನ ಉಚಿತ ಆ್ಯಪ್‌ನಲ್ಲಿ ಎರಡು ವಾರ ನೋಡಿ. ವೈರ್ ಇರುವ ಇಯರ್‌ಫೋನನ್ನೇ ಬಳಸಿ, ಬ್ಲೂಟೂತ್ ತನ್ನದೇ ತಡವನ್ನು ಸೇರಿಸಿ ಲೆಕ್ಕ ಕೆಡಿಸುತ್ತದೆ.

ಉಗ್ಗಿಗೆಂದೇ ಅನುಮೋದನೆ ಪಡೆದ ಔಷಧಿ ಅಮೆರಿಕದಲ್ಲೂ ಇಲ್ಲ. ಹ್ಯಾಲೊಪೆರಿಡಾಲ್‌ನಂಥವು ಕೆಲವರಲ್ಲಿ ಉಗ್ಗು ತಗ್ಗಿಸುತ್ತವೆ, ಬದಲಿಗೆ ಮಂಪರು, ಮೈ ಬಿಗಿತ ತರುತ್ತವೆ. ಸ್ವಂತ ಬುದ್ಧಿಯಿಂದ ನುಂಗುವಂಥದ್ದಲ್ಲ. ಇನ್ನು, ಹಿಂದೆಂದೂ ಉಗ್ಗದ ದೊಡ್ಡವರು ಬೈಕಿನಿಂದ ಬಿದ್ದ ಮೇಲೆ, ಹೊಸ ಮಾತ್ರೆ ಶುರುಮಾಡಿದ ಮೇಲೆ ಅಥವಾ ದಿಢೀರನೆ ಉಗ್ಗಲು ತೊಡಗಿದರೆ ಥೆರಪಿ ಹುಡುಕಬೇಡಿ, ಅದೇ ದಿನ ವೈದ್ಯರಲ್ಲಿಗೆ ಹೋಗಿ. ಪಾರ್ಶ್ವವಾಯುವೂ ಹಾಗೆ ತೋರಿಸಿಕೊಳ್ಳಬಹುದು.

ಉಗ್ಗುವವರೇ ಸೇರಿ ನಡೆಸುವ ಗುಂಪುಗಳಲ್ಲಿ ಭಾರತೀಯ ಮಟ್ಟದ್ದು ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಶನ್, ಟೀಸಾ ಎಂದು ಕರೆಯುತ್ತಾರೆ. ಆನ್‌ಲೈನ್ ಮೂಲಕವೂ ಸೇರಬಹುದು. ಇದು ಚಿಕಿತ್ಸೆಯ ಬದಲಿಯಲ್ಲ. ಆದರೆ ಬೇಕೆಂದೇ ಉಗ್ಗುವ ಅಭ್ಯಾಸಕ್ಕೆ ಇದಕ್ಕಿಂತ ನಿರ್ಭಯದ ಜಾಗ ಇಲ್ಲ.

ಎಲ್ಲಿಗೆ ಹೋಗುವುದು

ಚಿಕ್ಕ ಮಗುವಾದರೆ ಮೊದಲ ತಪಾಸಣೆ ಮಡಿಕೇರಿಯಲ್ಲೇ ಆಗಲಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ಕಿವಿ ಸರಿಯಿದೆಯೇ ನೋಡಿಸಿ. ಅಂಗನವಾಡಿ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಹೇಳಿ, ಮುಂದಕ್ಕೆ ಕಳಿಸುವ ಚೀಟಿ ಬರೆಯಿಸಿಕೊಳ್ಳಬಹುದು.

ಪೂರ್ಣ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಆರಂಭವಾದದ್ದು, ಕೇಂದ್ರ ಆರೋಗ್ಯ ಸಚಿವಾಲಯದ್ದು, ದೇಶದ ಬೇರೆ ರಾಜ್ಯಗಳವರೂ ಹುಡುಕಿಕೊಂಡು ಬರುವ ಜಾಗ. ಮಡಿಕೇರಿಯಿಂದ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾರಿಯಲ್ಲಿ ಸುಮಾರು 120 ಕಿ.ಮೀ. ವಿರಾಜಪೇಟೆ, ಗೋಣಿಕೊಪ್ಪದವರಿಗೆ ತಿತಿಮತಿ ಮೇಲೆ ಹತ್ತಿರ. ವಾರದ ದಿನ ಬೆಳಿಗ್ಗೆಯೇ ತಲುಪಿ, ಮೊದಲ ದಿನ ಇಡೀ ಹೋಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗಿರಲಿ, ರಿಯಾಯಿತಿ ಕೇಳಿ. ಸಂಪಾಜೆ, ಭಾಗಮಂಡಲ ಕಡೆಯವರಿಗೆ ಮಂಗಳೂರಿನ ವೈದ್ಯಕೀಯ ಕಾಲೇಜುಗಳ ವಾಕ್ ವಿಭಾಗ ಅನುಕೂಲ. ಆದರೆ 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಂಗಳೂರು ಕಡೆಗೆ ಇಳಿಯುವ ಘಾಟಿ ಮುಚ್ಚಿದ್ದು ಯಾರೂ ಮರೆತಿಲ್ಲ, ವಾರವಾರದ ಭೇಟಿಯನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ.

ಪ್ರತಿ ವಾರ ಇಳಿದು ಬರಲಾಗದವರು ಮೊದಲ ಎರಡು ಮೂರು ಭೇಟಿ ಎದುರಾಎದುರು ಮಾಡಿ, ಉಳಿದದ್ದನ್ನು ವಿಡಿಯೊ ಕರೆಯಲ್ಲಿ ಮಾಡಿಕೊಡುತ್ತೀರಾ ಎಂದು ಕೇಳಿ. ಆಸ್ಟ್ರೇಲಿಯಾದಲ್ಲಿ ನಡೆದ ಹೋಲಿಕೆಗಳಲ್ಲಿ ದೂರದಿಂದ ಕೊಟ್ಟ ಚಿಕಿತ್ಸೆ ಎದುರು ಕೂತು ಕೊಟ್ಟದ್ದಕ್ಕೆ ಕಡಿಮೆಯಾಗಲಿಲ್ಲ. ಇಲ್ಲಿ ಕಡಿಮೆಯಾಗುವುದು ನೆಟ್‌ವರ್ಕ್. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟ್ ಹೋದರೆ ದಿನಗಟ್ಟಲೆ ಇಲ್ಲ. ಅದಕ್ಕೆ ಅಭ್ಯಾಸವನ್ನು ಮೊದಲೇ ರೆಕಾರ್ಡ್ ಮಾಡಿ, ಸಿಗ್ನಲ್ ಸಿಕ್ಕಾಗ ಕಳಿಸಿ, ಕೇಳಿ ತಿದ್ದುವ ಥೆರಪಿಸ್ಟ್ ಆದರೆ ಉತ್ತಮ.

ಖಾಸಗಿಯಾಗಿ ತೋರಿಸುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಅದನ್ನು ಪರಿಷತ್ತಿನ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಇಷ್ಟೇ ದಿನದಲ್ಲಿ ಗುಣ ಎನ್ನುವವರು, ಪೂರ್ತಿ ಹಣ ಮೊದಲೇ ಬೇಡುವವರು, ಶಿಬಿರ ಮುಗಿದ ಮೇಲೆ ಆರು ತಿಂಗಳ ಯೋಜನೆ ಏನು ಎಂದರೆ ತಡವರಿಸುವವರು ಬೇಡ.

ಮೊದಲ ಭೇಟಿಗೆ ಹೋಗುವಾಗ ಮೂರು ಬೇರೆ ಬೇರೆ ದಿನಗಳ ಐದೈದು ನಿಮಿಷದ ರೆಕಾರ್ಡಿಂಗ್ ಒಯ್ಯಿರಿ. ಒಂದು ಮನೆಮಾತಿನಲ್ಲಿ, ಒಂದು ಕನ್ನಡದಲ್ಲಿ, ಇನ್ನೊಂದು ಫೋನಿನಲ್ಲಿ ಮಾತಾಡುವಾಗಿನದು. ಆಸ್ಪತ್ರೆಯ ಕೋಣೆಯಲ್ಲಿ ಕೂತ ಕೂಡಲೇ ಎಷ್ಟೋ ಮಕ್ಕಳು ಒಂದಕ್ಷರವೂ ಉಗ್ಗದೆ ಮಾತಾಡಿಬಿಡುತ್ತಾರೆ. ರೆಕಾರ್ಡಿಂಗ್ ಇಲ್ಲದಿದ್ದರೆ 120 ಕಿ.ಮೀ. ಹೋಗಿ ಬಂದದ್ದಕ್ಕೆ ಸಿಗುವುದು ಮುಂದಿನ ತಿಂಗಳು ಮತ್ತೆ ಬನ್ನಿ ಎಂಬ ಚೀಟಿ.